ಮೀಟರ್ ಲೆಕ್ಕ ಬೇಕು, ಮನೆಯ ಗುಟ್ಟು ಬೇಡ: ವಿದ್ಯುತ್ ಬಳಕೆಯ ಮಾಹಿತಿ ಸಂಗ್ರಹಿಸುವವರಿಗೆ ಮಾರ್ಗದರ್ಶಿ

ಈ ಲೇಖನ ಮನೆಮನೆಯ ಕರೆಂಟಿನ ಬಳಕೆ ಅಳೆಯಲು ಹೊರಟವರಿಗೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟ್ ಇರಬಹುದು, ಬಡಾವಣೆಯ ಸಂಘ ಸೋಲಾರ್ ಹಾಕಿಸುವ ಮೊದಲು ಮಾಡುವ ಲೆಕ್ಕ ಇರಬಹುದು. ಇಪ್ಪತ್ತು ಮನೆಯಿಂದ ಇನ್ನೂರು ಮನೆಯವರೆಗಿನ ಸಣ್ಣ ಕೆಲಸಕ್ಕೆ ಇಲ್ಲಿ ಹೇಳಿದ್ದು ಹೊಂದುತ್ತದೆ.

ಅರ್ಧ ಗಂಟೆಗೊಮ್ಮೆ ಅಳೆದರೆ ಒಂದು ಮನೆಯಿಂದ ದಿನಕ್ಕೆ 48 ಅಂಕಿ ಸಿಗುತ್ತವೆ. ಮನೆಯವರು ಎದ್ದದ್ದು ಎಷ್ಟಕ್ಕೆ, ಮನೆ ಖಾಲಿ ಇದ್ದದ್ದು ಯಾವಾಗ, ರಾತ್ರಿ ಯಾರೋ ಎಚ್ಚರ ಇದ್ದರೇ ಎಂಬುದನ್ನೆಲ್ಲ ಈ 48 ಅಂಕಿಗಳೇ ಹೇಳುತ್ತವೆ. ಇನ್ನೂ ಸಣ್ಣ ಅಂತರದಲ್ಲಿ ಅಳೆದರೆ ಗೀಸರ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಒಂದೊಂದೂ ಬೇರೆಬೇರೆಯಾಗಿ ಕಾಣುತ್ತದೆ. ಒಂದೇ ಮೀಟರಿನಿಂದ ಮನೆಯ ಉಪಕರಣಗಳನ್ನು ಬಿಡಿಸಿ ಗುರುತಿಸುವ ವಿಧಾನವನ್ನು ಅಮೆರಿಕದ ಎಂಐಟಿಯಲ್ಲಿ ಜಾರ್ಜ್ ಹಾರ್ಟ್ 1980ರ ದಶಕದಲ್ಲೇ ರೂಪಿಸಿದ್ದರು; ಅದರ ವಿವರವಾದ ಪ್ರಬಂಧ 1992ರಲ್ಲಿ ಬಂತು. 2 ಸೆಕೆಂಡಿಗೊಮ್ಮೆ ಅಳೆದ ಮಾಹಿತಿಯಿಂದ ಟಿವಿಯಲ್ಲಿ ಓಡುತ್ತಿರುವ ಕಾರ್ಯಕ್ರಮವನ್ನೂ ಊಹಿಸಬಹುದು ಎಂದು 2011ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ನೆದರ್‌ಲ್ಯಾಂಡ್ಸ್‌ನಲ್ಲಿ ಸ್ಮಾರ್ಟ್ ಮೀಟರ್ (ದೂರದಿಂದಲೇ ಓದಬಹುದಾದ ಮೀಟರ್) ಕಡ್ಡಾಯ ಮಾಡುವ ಮಸೂದೆಯನ್ನು 2009ರಲ್ಲಿ ಮೇಲ್ಮನೆ ತಡೆದದ್ದೂ ಖಾಸಗಿತನದ ಕಾರಣಕ್ಕೇ.

ಹೆಸರು, ವಿಳಾಸ ಅಳಿಸಿದರೆ ಸಾಕು ಎಂದು ಬಹಳಷ್ಟು ತಂಡಗಳು ನಂಬುತ್ತವೆ. ಸಾಲುವುದಿಲ್ಲ. ದಿನವಿಡೀ ಬಳಕೆ ಏರಿಳಿಯುವುದನ್ನು ತೋರಿಸುವ ಗೆರೆಯೇ ಮನೆಯ ಗುರುತು. ಬೇಡದ ಮಾಹಿತಿಯನ್ನು ಮೊದಲೇ ತೆಗೆದುಕೊಳ್ಳದಿರುವುದೇ ನಿಜವಾದ ಕಾಪು. ಒಮ್ಮೆ ಕೈಗೆ ಬಂದದ್ದನ್ನು ಮುಚ್ಚಿಡಲು ಪಡುವ ಪಾಡು ಅದರ ಮುಂದೆ ಎರಡನೆಯದು.

ಹಂತ 1: ಪ್ರಶ್ನೆ ಬರೆದ ಮೇಲೆ ಅಂತರ ಗೊತ್ತುಮಾಡಿ

ನಿಮಗೆ ಬೇಕಾದ ಉತ್ತರ ಏನು ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಆ ಉತ್ತರಕ್ಕೆ ಸಾಲುವ ಅತ್ಯಂತ ಒರಟು ಅಳತೆ ಯಾವುದೋ ಅದನ್ನೇ ಆರಿಸಿಕೊಳ್ಳಿ.

ಗೃಹಜ್ಯೋತಿಯ 200 ಯುನಿಟ್ ಮಿತಿಯೊಳಗೆ ಎಷ್ಟು ಮನೆಗಳಿವೆ ಎಂಬುದಷ್ಟೇ ಪ್ರಶ್ನೆಯಾದರೆ ತಿಂಗಳ ರೀಡಿಂಗ್ ಸಾಕು. ಸೋಲಾರ್ ಲೆಕ್ಕಕ್ಕೆ ಹಗಲಿನ ಮತ್ತು ರಾತ್ರಿಯ ಯುನಿಟ್ಟು, ಅಂದರೆ ದಿನಕ್ಕೆ ಎರಡೇ ಅಂಕಿ ಬೇಕು. ಟ್ರಾನ್ಸ್‌ಫಾರ್ಮರ್ ಮೇಲೆ ಸಂಜೆ ಬೀಳುವ ಹೊರೆ ತಿಳಿಯಲು ಅರ್ಧ ಗಂಟೆಯ ಅಳತೆ ಬೇಕು, ಆದರೆ ಎಲ್ಲ ಮನೆಗಳ ಮೊತ್ತ ಸಾಕು, ಒಂದೊಂದು ಮನೆಯದ್ದು ಬೇಡ. ಯಾವ ಉಪಕರಣ ಎಷ್ಟು ತಿನ್ನುತ್ತದೆ ಎಂಬ ಪ್ರಶ್ನೆಗೆ ಮಾತ್ರ ಸೆಕೆಂಡಿನ ಅಳತೆ ಬೇಕಾಗುತ್ತದೆ. ಅದನ್ನು ತಂಡದವರ ಸ್ವಂತ ಮನೆಗಳಲ್ಲಿ ಮಾಡಿಕೊಳ್ಳಿ, ಊರವರ ಮನೆಗೆ ಒಯ್ಯಬೇಡಿ.

ಅವಧಿಯೂ ಅಷ್ಟೇ ಮುಖ್ಯ. ಇಡೀ ವರ್ಷ ಅಳೆದರೆ ಜಾತ್ರೆಗೆ ಮನೆ ಬೀಗ ಹಾಕಿದ್ದು, ರಂಜಾನ್ ತಿಂಗಳಲ್ಲಿ ನಸುಕಿನ ನಾಲ್ಕಕ್ಕೆ ದೀಪ ಹೊತ್ತಿದ್ದು, ಶ್ರಾವಣದ ಬೆಳಗಿನ ಪೂಜೆ ಎಲ್ಲ ಅದರಲ್ಲಿ ಬರುತ್ತದೆ. ಮನೆಯವರ ಧರ್ಮವೂ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಎರಡು ವಾರ, ಚಳಿಗಾಲದಲ್ಲಿ ಎರಡು ವಾರ ಅಳೆದರೆ ಋತುವಿನ ವ್ಯತ್ಯಾಸ ತಿಳಿಯುತ್ತದೆ. ಹಬ್ಬ, ಜಾತ್ರೆ, ಉಪವಾಸದ ದಿನಗಳನ್ನು ಬಿಟ್ಟೇ ವಾರ ಆರಿಸಿ.

ಹಂತ 2: ಒಪ್ಪಿಗೆ, ಮತ್ತು ಯಾರ ಒಪ್ಪಿಗೆ

ಮೀಟರ್ ಮಾಲೀಕರ ಹೆಸರಲ್ಲಿರುತ್ತದೆ, ಕರೆಂಟು ಉರಿಸುವವರು ಬಾಡಿಗೆದಾರರು. ಬೆಳಗಾವಿಯ ಟಿಳಕವಾಡಿಯಂಥ ಕಡೆ ಇದು ದಿನನಿತ್ಯದ ಸಂಗತಿ. ಒಪ್ಪಿಗೆ ಬೇಕಾದ್ದು ಆ ಮನೆಯಲ್ಲಿ ಬದುಕುವವರದು. ಮಾಲೀಕರು ಹೂಂ ಅಂದರು ಎಂದು ಯಂತ್ರ ಕೂರಿಸಿದರೆ, ಬಾಡಿಗೆ ಮನೆಗೆ ಯಾರು ಯಾವಾಗ ಬಂದರು ಎಂದು ಮಾಲೀಕರಿಗೆ ತೋರಿಸುವ ಕಿಟಕಿಯನ್ನು ನೀವೇ ತೆರೆದಂತಾಗುತ್ತದೆ. ಮಾಲೀಕರಿಂದ ಬೇಕಾದ್ದು ಮೀಟರ್ ಬೋರ್ಡ್ ಹತ್ತಿರ ಪೆಟ್ಟಿಗೆ ಇಡುವ ಅನುಮತಿ ಮಾತ್ರ. ಅಂಕಿಗಳನ್ನು ಅವರಿಗೆ ಕೊಡುವುದಿಲ್ಲ ಎಂದು ಆ ಅನುಮತಿ ಪತ್ರದಲ್ಲೇ ಬರೆಯಿರಿ.

ಮನೆಯ ಯಜಮಾನರೊಬ್ಬರ ಸಹಿಯಿಂದ ಕೆಲಸ ಮುಗಿಯುವುದಿಲ್ಲ. ಹಗಲು ಮನೆಯಲ್ಲಿರುವವರು ಹೆಚ್ಚಾಗಿ ಹೆಂಗಸರು ಮತ್ತು ಹಿರಿಯರು. ಅಳತೆ ಹೇಳುವುದು ಅವರ ದಿನಚರಿಯನ್ನೇ. ಅವರ ಎದುರಿಗೇ ವಿವರಿಸಿ, ಅವರಲ್ಲಿ ಒಬ್ಬರು ಬೇಡ ಅಂದರೂ ಆ ಮನೆ ಬಿಟ್ಟುಬಿಡಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಸ್ವಇಚ್ಛೆಯದಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲು ಬರಬೇಕು. ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದಿಕೊಳ್ಳುವ ಅವಕಾಶವನ್ನೂ ಕಾಯ್ದೆ ಕೊಟ್ಟಿದೆ. ಆದ್ದರಿಂದ ಕನ್ನಡದ ಜೊತೆ ಬೆಳಗಾವಿಯಲ್ಲಿ ಮರಾಠಿಯ, ವಿಜಯಪುರದಲ್ಲಿ ಉರ್ದುವಿನ ಪ್ರತಿ ಇಟ್ಟುಕೊಳ್ಳಿ. ಒಂದೇ ಪುಟ ಸಾಕು. ಏನು ಅಳೆಯುತ್ತೇವೆ, ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಿನ, ಯಾರು ನೋಡುತ್ತಾರೆ, ಯಾವ ತಾರೀಖಿಗೆ ಅಳಿಸುತ್ತೇವೆ, ಬೇಡ ಅನ್ನಿಸಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದಿಷ್ಟು ಅದರಲ್ಲಿರಲಿ. ‘ಈ ಅಂಕಿಗಳಿಂದ ಮನೆಯಲ್ಲಿ ಯಾರೂ ಇಲ್ಲದ ವೇಳೆ ತಿಳಿಯಬಹುದು’ ಎಂಬ ಸಾಲನ್ನು ದೊಡ್ಡ ಅಕ್ಷರದಲ್ಲಿ ಹಾಕಿ. ಅದನ್ನು ಓದಿ ಕೆಲವರು ಹಿಂದೆ ಸರಿದರೆ ಸರಿಯಲಿ, ಅದು ಅವರ ಹಕ್ಕು. ವಾರ್ಡ್ ಸದಸ್ಯರನ್ನೋ ಶಾಲೆಯ ಮಾಸ್ತರರನ್ನೋ ಮುಂದೆ ಮಾಡಿಕೊಂಡು ಹೋಗಬೇಡಿ. ಅವರ ಮುಖ ನೋಡಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ.

ಹಂತ 3: ಅಂಕಿ ಎಲ್ಲಿಂದ ಪಡೆಯಬೇಕು

ಸ್ಮಾರ್ಟ್ ಮೀಟರ್ ಇರುವ ಮನೆಯಲ್ಲಿ ಸುಲಭದ ದಾರಿ ಗ್ರಾಹಕರ ಸ್ವಂತ ಹಕ್ಕು. 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2023ರಲ್ಲಿ ಆದ ತಿದ್ದುಪಡಿಯಂತೆ ಸ್ಮಾರ್ಟ್ ಮೀಟರನ್ನು ದಿನಕ್ಕೆ ಒಮ್ಮೆಯಾದರೂ ದೂರದಿಂದಲೇ ಓದಬೇಕು, ಆ ಮಾಹಿತಿಯನ್ನು ಗ್ರಾಹಕರಿಗೆ ಕೊಡಬೇಕು. ಮನೆಯವರೇ ತಮ್ಮ ಫೋನಿನಲ್ಲಿ ನೋಡಿ, ನಿಮಗೆ ಬೇಕಾದ ಅಂಕಿಗಳನ್ನಷ್ಟೇ ಬರೆದುಕೊಡಲಿ. ಅವರ ಫೋನ್ ಕೈಗೆ ತೆಗೆದುಕೊಳ್ಳಬೇಡಿ. ಒಟಿಪಿಯನ್ನಂತೂ ಯಾವ ಕಾರಣಕ್ಕೂ ಕೇಳಬೇಡಿ: ನೀವು ಪ್ರಾಮಾಣಿಕರಿರಬಹುದು, ಆದರೆ ‘ಕರೆಂಟ್ ಬಿಲ್ಲಿನ ಕೆಲಸಕ್ಕೆ ಬಂದವರಿಗೆ ಒಟಿಪಿ ಹೇಳಬಹುದು’ ಎಂಬ ಪಾಠ ಆ ಮನೆಯಲ್ಲಿ ಉಳಿದರೆ ನಾಳೆ ಬರುವ ಮೋಸಗಾರನಿಗೆ ದಾರಿಯಾಗುತ್ತದೆ.

ಬಿಲ್ಲಿನ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುವುದು ಎಲ್ಲರೂ ಮಾಡುವ ಕೆಲಸ, ಹೆಚ್ಚು ಸೋರುವ ಜಾಗವೂ ಅದೇ. ಬಿಲ್ಲಿನಲ್ಲಿ ಹೆಸರು, ವಿಳಾಸ, ಆರ್.ಆರ್. ನಂಬರು, ಖಾತೆ ಸಂಖ್ಯೆ ಎಲ್ಲ ಇರುತ್ತವೆ. ಮೀಟರಿನ ಫೋಟೋದಲ್ಲಿ ಸೀರಿಯಲ್ ನಂಬರು, ಬಾರ್‌ಕೋಡು. ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆದ ಸ್ಥಳದ ಗುರುತು. ಫೋಟೋ ಬದಲು ಚೀಟಿಯಲ್ಲಿ ಅಂಕಿ ಬರೆಸಿಕೊಳ್ಳಿ.

ಮೀಟರಿನ ಮುಖದಲ್ಲಿರುವ ಆಪ್ಟಿಕಲ್ ಪೋರ್ಟಿಗೆ ಕೇಬಲ್ ಹಚ್ಚಿ ಓದಲು ಹೋಗಬೇಡಿ. ಐಎಸ್ 16444 ಮಾನಕದ ಸ್ಮಾರ್ಟ್ ಮೀಟರುಗಳು ಐಎಸ್ 15959ರ ಪ್ರಕಾರ ಪಾಸ್‌ವರ್ಡ್, ಗೂಢಲಿಪಿ ಇಟ್ಟುಕೊಂಡು ಮಾತಾಡುತ್ತವೆ. ಆ ಕೀಲಿಗಳು ವಿದ್ಯುತ್ ಕಂಪನಿಯವು. ಮೀಟರಿಗಾಗಲಿ ಸೀಲಿಗಾಗಲಿ ಕೈ ಹಚ್ಚಿದರೆ 2003ರ ವಿದ್ಯುತ್ ಕಾಯ್ದೆಯ 135 (ವಿದ್ಯುತ್ ಕಳವು) ಮತ್ತು 138ನೇ (ಮೀಟರಿಗೆ ಕೈ ಹಾಕುವುದು) ಕಲಮುಗಳು ಎದ್ದು ಬರುತ್ತವೆ, ಮತ್ತು ತೊಂದರೆ ಮೊದಲು ಮನೆಯವರಿಗೆ.

ಹಂತ 4: ಎಲ್‌ಇಡಿ ಮಿಡಿತ ಎಣಿಸುವ ಪೆಟ್ಟಿಗೆ

ಮೀಟರಿಗೆ ಏನೂ ಮಾಡದೆ ಅಳೆಯುವ ದಾರಿ ಎಂದರೆ ಅದರ ಮುಖದಲ್ಲಿ ಮಿಣುಕುವ ಕೆಂಪು ಎಲ್‌ಇಡಿಯನ್ನು ಎಣಿಸುವುದು. ಹಳೆಯ ಎಲೆಕ್ಟ್ರಾನಿಕ್ ಮೀಟರಿಗೂ ಇದು ನಡೆಯುತ್ತದೆ. ಯುನಿಟ್ಟಿಗೆ ಎಷ್ಟು ಮಿಡಿತ ಎಂಬುದು ಮೀಟರಿನ ಮೇಲೇ ಅಚ್ಚಾಗಿರುತ್ತದೆ: 1600, 3200, 6400 ಹೀಗೆ. ಬೇಕಾದ ಸಾಮಾನು: ಒಂದು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಫೋಟೊಟ್ರಾನ್ಸಿಸ್ಟರ್ ಇರುವ ಲೈಟ್ ಸೆನ್ಸರು, ಡಿಎಸ್3231 ಗಡಿಯಾರ ಮಾಡ್ಯೂಲು, ಮೈಕ್ರೋ ಎಸ್‌ಡಿ ಕಾರ್ಡ್ ಮಾಡ್ಯೂಲು, ಪವರ್ ಬ್ಯಾಂಕು, ಕಪ್ಪು ಟೇಪು. ಎಲ್‌ಡಿಆರ್ ಎಂಬ ಇನ್ನೊಂದು ಬಗೆಯ ಲೈಟ್ ಸೆನ್ಸರು ಅಗ್ಗವಾಗಿ ಸಿಗುತ್ತದೆ, ಆದರೆ ನಿಧಾನ. ಗೀಸರ್ ಮತ್ತು ಮೋಟರ್ ಒಟ್ಟಿಗೆ ಓಡುವಾಗ ಮಿಡಿತ ತಪ್ಪಿಸುತ್ತದೆ.

ಖಾಸಗಿತನ ನಿಲ್ಲುವುದೂ ಬೀಳುವುದೂ ಈ ಪೆಟ್ಟಿಗೆ ಕಾರ್ಡಿನಲ್ಲಿ ಏನು ಬರೆಯುತ್ತದೆ ಎಂಬುದರ ಮೇಲೆ. 3200 ಮಿಡಿತದ ಮೀಟರಿನಲ್ಲಿ 1 ಕಿಲೋವ್ಯಾಟ್ ಹೊರೆ ಇದ್ದಾಗ ಸುಮಾರು 1.1 ಸೆಕೆಂಡಿಗೊಂದು ಮಿಡಿತ ಬರುತ್ತದೆ. 2 ಕಿಲೋವ್ಯಾಟ್‌ನ ಗೀಸರ್ ಹಚ್ಚಿದರೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ರಾತ್ರಿ 120 ವ್ಯಾಟ್‌ನ ಫ್ರಿಜ್ ಒಂದೇ ಓಡುತ್ತಿದ್ದರೆ 9 ಸೆಕೆಂಡಿಗೊಂದು. ಅಂದರೆ ಮಿಡಿತದ ವೇಳೆಯನ್ನು ಒಂದೊಂದಾಗಿ ಬರೆದಿಟ್ಟರೆ ಉಪಕರಣಗಳ ಪೂರ್ತಿ ದಿನಚರಿ ಕಾರ್ಡಿನಲ್ಲಿ ಕೂತಂತೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಎಷ್ಟೋ ಮಾದರಿ ಪ್ರೋಗ್ರಾಂಗಳು ಹೀಗೇ ಬರೆಯುತ್ತವೆ. ಅದನ್ನು ತಿದ್ದಿ: ಎಣಿಕೆ ಬೋರ್ಡಿನ ಮೆಮೊರಿಯಲ್ಲೇ ನಡೆಯಲಿ, ಅರ್ಧ ಗಂಟೆ ತುಂಬಿದಾಗ ಒಟ್ಟು ಎಣಿಕೆಯ ಒಂದು ಸಾಲು ಮಾತ್ರ ಕಾರ್ಡಿಗೆ ಹೋಗಲಿ, ಎಣಿಕೆ ಸೊನ್ನೆಯಾಗಲಿ. ಪರೀಕ್ಷೆಗೆಂದು ಸೀರಿಯಲ್ ಪೋರ್ಟಿಗೆ ಹಾಕಿದ್ದ ಸಾಲುಗಳನ್ನೂ ತೆಗೆಯಿರಿ.

ವೈ-ಫೈ ಮತ್ತು ಬ್ಲೂಟೂತ್ ಬಂದ್ ಇರಲಿ. ವಾರಕ್ಕೊಮ್ಮೆ ಹೋಗಿ ಕಾರ್ಡ್ ಬದಲಿಸುವುದು ಶ್ರಮ, ಆದರೆ ಇಪ್ಪತ್ತು ಮೂವತ್ತು ಮನೆಗೆ ಅದೇ ಸುರಕ್ಷಿತ. ದೂರದಿಂದಲೇ ಪಡೆಯಬೇಕು ಎಂದಾದರೆ ಇಂಥ ಪೆಟ್ಟಿಗೆಗಳು ಅಂಕಿ ಕಳಿಸುವ ಎಂಕ್ಯುಟಿಟಿ ವಿಧಾನದ 1883 ಪೋರ್ಟಿನಲ್ಲಿ ಬಯಲಾಗಿ ಕಳಿಸದೆ ಟಿಎಲ್‌ಎಸ್ ಎಂಬ ಗೂಢಲಿಪಿ ರಕ್ಷಣೆ ಇರುವ 8883 ಬಳಸಿ, ಪ್ರತಿ ಪೆಟ್ಟಿಗೆಗೂ ಬೇರೆ ಪಾಸ್‌ವರ್ಡ್ ಕೊಡಿ. ಎಲ್ಲರಿಗೂ ತೆರೆದಿರುವ ಉಚಿತ ಸರ್ವರುಗಳಿಗೆ ಒಂದು ದಿನ ಪರೀಕ್ಷೆಗೂ ಕಳಿಸಬೇಡಿ.

ಕೆಡುವ ಕಡೆಗಳೂ ಗೊತ್ತಿರಲಿ. ಸೆನ್ಸರಿನ ಸುತ್ತ ಬೆಳಕು ನುಸುಳಿದರೆ ವರಾಂಡದ ಟ್ಯೂಬ್‌ಲೈಟನ್ನೂ ಎಣಿಸುತ್ತದೆ. ಒಂದು ಮಿಡಿತದ ನಂತರ 50 ಮಿಲಿಸೆಕೆಂಡ್ ಯಾವ ಸಂಕೇತವನ್ನೂ ಎಣಿಸದಂತೆ ಪ್ರೋಗ್ರಾಂ ಮಾಡಿ. ಮೊದಲ ದಿನ ಮೀಟರಿನಲ್ಲಿ ಏರಿದ ಯುನಿಟ್ಟಿಗೂ ನಿಮ್ಮ ಎಣಿಕೆಗೂ ನೂರಕ್ಕೆ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಟೇಪು ಮತ್ತೆ ಹಚ್ಚಿ. ಅಗ್ಗದ ಡಿಎಸ್3231 ಮಾಡ್ಯೂಲುಗಳಲ್ಲಿ ಚಾರ್ಜಿಂಗ್ ದಾರಿ ಇರುತ್ತದೆ. ಅದರಲ್ಲಿ ಸಾದಾ ಸಿಆರ್2032 ಸೆಲ್ ಹಾಕಿದರೆ ಉಬ್ಬುತ್ತದೆ, ಆ ದಾರಿಯ ರೆಸಿಸ್ಟರನ್ನು ಬಿಚ್ಚಿಬಿಡಿ. ಮೀಟರಿನ ಪರದೆ, ಸೀಲು, ಆಪ್ಟಿಕಲ್ ಪೋರ್ಟು ಮುಚ್ಚಕೂಡದು, ಅಂಟು ಹಚ್ಚಕೂಡದು. ಮೀಟರಿನ ಮೇಲೆ ವೈರು ಕಂಡರೆ ರೀಡಿಂಗಿಗೆ ಬಂದವರಿಗೆ ಕಳವಿನ ಅನುಮಾನ ಬರುವುದು ಸಹಜ. ಆದ್ದರಿಂದ ಹೆಸ್ಕಾಂನ ಶಾಖಾ ಕಚೇರಿಗೆ ಕಾಲೇಜಿನ ಪತ್ರ ಮೊದಲೇ ಕೊಟ್ಟು, ಸ್ವೀಕೃತಿಯ ಪ್ರತಿಯನ್ನು ಮನೆಯವರ ಕೈಗೆ ಕೊಡಿ.

ಹೊರಗೋಡೆಯ ಮೀಟರಿನ ಹತ್ತಿರ ಇಟ್ಟ ಪೆಟ್ಟಿಗೆಯನ್ನು ಯಾರಾದರೂ ಒಯ್ಯಬಹುದು ಎಂದೇ ತಿಳಿದು ಕೆಲಸ ಮಾಡಿ. ಕಾರ್ಡಿನಲ್ಲಿ ಮನೆಯ ಹೆಸರಿನ ಬದಲು ಕೊಟ್ಟ ಸಂಕೇತ ಸಂಖ್ಯೆ (ಹಂತ 5 ನೋಡಿ) ಮತ್ತು ಎಣಿಕೆ ಬಿಟ್ಟು ಇನ್ನೇನೂ ಇರಬಾರದು, ಪೆಟ್ಟಿಗೆಯ ಮೇಲೆ ಮನೆಯವರ ಹೆಸರಿನ ಚೀಟಿ ಇರಬಾರದು.

ಹಂತ 5: ಸಂಕೇತ ಸಂಖ್ಯೆ

ಆರ್.ಆರ್. ನಂಬರನ್ನು ಎಸ್‌ಎಚ್‌ಎ-256 ಹ್ಯಾಶ್ ಮಾಡಿದರೆ, ಅಂದರೆ ಗಣಿತದ ಸೂತ್ರದಿಂದ ಬೇರೊಂದು ಅಕ್ಷರಸಾಲಾಗಿ ಬದಲಿಸಿದರೆ, ಗುರುತು ಅಡಗುತ್ತದೆ ಎಂಬ ಭರವಸೆ ಬೇಡ. ಹತ್ತಂಕಿಯ ಸಂಖ್ಯೆ ಎಂದಿಟ್ಟುಕೊಂಡರೂ ಸಾಧ್ಯತೆಗಳು ಸಾವಿರ ಕೋಟಿ ಮಾತ್ರ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿಗೆ ಅಷ್ಟನ್ನೂ ಹ್ಯಾಶ್ ಮಾಡಿ ಹೋಲಿಸುವುದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಚೀಟಿ ಎತ್ತಿದ ಹಾಗೆ ಯಾದೃಚ್ಛಿಕ ಸಂಖ್ಯೆ ಕೊಡಿ. ಭೇಟಿ ಕೊಟ್ಟ ಸರತಿಯಲ್ಲಿ 1, 2, 3 ಎಂದು ಕೊಟ್ಟರೆ ಓಣಿಯ ಮನೆಗಳ ಸಾಲು ಹಾಗೇ ಬರುತ್ತದೆ.

ಸಂಖ್ಯೆಗೂ ಮನೆಗೂ ಇರುವ ನಂಟಿನ ಪಟ್ಟಿ ಕಾಗದದ ಮೇಲೆ ಒಂದೇ ಪ್ರತಿ ಇರಲಿ, ಮಾರ್ಗದರ್ಶಕರ ಬೀರುವಿನಲ್ಲಿ. ಅಂಕಿಗಳು ಬೇರೆ ಕಡೆ, ವೆರಾಕ್ರಿಪ್ಟ್‌ನಂಥ ತಂತ್ರಾಂಶದಲ್ಲಿ ಬೀಗ ಹಾಕಿದ ಫೋಲ್ಡರಿನಲ್ಲಿ.

ಮನೆಯ ವಿವರಗಳನ್ನೂ ಒರಟಾಗಿಯೇ ಬರೆದುಕೊಳ್ಳಿ: ಜನ 1–2, 3–4, 5 ಅಥವಾ ಹೆಚ್ಚು. ಬಾಗಲಕೋಟೆ ನವನಗರದಲ್ಲಿ ಸೆಕ್ಟರ್ ನಂಬರು ಬರೆದು, ಜೊತೆಗೆ ‘ಎಂಟು ಜನ, ಏಸಿ ಇದೆ’ ಎಂದರೆ ಅಲ್ಲಿಯವರು ಮನೆಯನ್ನು ಬೆರಳು ಮಾಡಿ ತೋರಿಸುತ್ತಾರೆ. ಒಂದೇ ಬಗೆಯ ವಿವರ ಇರುವ ಮನೆಗಳು ಐದಕ್ಕಿಂತ ಕಡಿಮೆ ಇದ್ದರೆ ವಿವರವನ್ನು ಇನ್ನೂ ಒರಟು ಮಾಡಿ.

ಹಂತ 6: ಹೆಸರು ಹೋದ ಮೇಲೂ ಉಳಿಯುವ ಗುರುತು

ಕರೆಂಟ್ ಹೋದ ವೇಳೆ ಇವುಗಳಲ್ಲಿ ಮೊದಲನೆಯದು. ನಿಮ್ಮ ಪಟ್ಟಿಯಲ್ಲಿ ಮಂಗಳವಾರ 10ರಿಂದ 4ರವರೆಗೆ ಸೊನ್ನೆ ಇದ್ದರೆ, ಪತ್ರಿಕೆಯ ‘ವಿದ್ಯುತ್ ವ್ಯತ್ಯಯ’ ಪ್ರಕಟಣೆಯ ಪಕ್ಕಕ್ಕಿಟ್ಟು ನೋಡಿದವರಿಗೆ ಬಡಾವಣೆಯ ಹೆಸರೇ ಸಿಗುತ್ತದೆ. ಎರಡು ಮೂರು ಅಂಥ ಖಾಲಿಗಳು ಸೇರಿದರೆ ಫೀಡರ್, ಅಂದರೆ ಆ ಭಾಗಕ್ಕೆ ಕರೆಂಟು ತರುವ ಲೈನು, ಗೊತ್ತಾಗುತ್ತದೆ. ವೋಲ್ಟೇಜ್ ಬರೆದಿಟ್ಟರೆ ಇನ್ನೂ ಸುಲಭ: ಒಂದೇ ಟ್ರಾನ್ಸ್‌ಫಾರ್ಮರಿನ ಮನೆಗಳ ವೋಲ್ಟೇಜ್ ಒಟ್ಟಿಗೆ ಏರಿಳಿಯುತ್ತದೆ. ವೋಲ್ಟೇಜ್ ತೆಗೆದುಕೊಳ್ಳಲೇಬೇಡಿ, ಕರೆಂಟ್ ಹೋದ ದಿನಗಳನ್ನು ಪೂರ್ತಿಯಾಗಿ ಕಿತ್ತುಹಾಕಿ.

ಎರಡನೆಯದು ನೀರಿನ ಸರತಿ. ನಳ ಬರುವ ದಿನ ಓಣಿಯ ಮೋಟರುಗಳೆಲ್ಲ ಒಮ್ಮೆಲೇ ಚಾಲೂ ಆಗುತ್ತವೆ. ಒಂದು ಎಚ್‌ಪಿ ಮೋಟರು ಸುಮಾರು 1 ಕಿಲೋವ್ಯಾಟ್ ಎಳೆಯುವುದರಿಂದ ಅರ್ಧ ಗಂಟೆಯ ಅಳತೆಯಲ್ಲೂ ಎದ್ದು ಕಾಣುತ್ತದೆ. ವಾರ್ಡಿನ ನೀರಿನ ದಿನ ಗೊತ್ತಿದ್ದವರಿಗೆ ವಾರ್ಡು ಗೊತ್ತಾದಂತೆಯೇ. ಬೆಳಗಾವಿಯಲ್ಲಿ ಕೆಲ ವಾರ್ಡುಗಳಿಗೆ 24 ಗಂಟೆ ನೀರು, ಉಳಿದವಕ್ಕೆ ಪಾಳಿ. ಅಲ್ಲಿ ಈ ವ್ಯತ್ಯಾಸವೇ ಗುರುತಾಗುತ್ತದೆ. ಇದಕ್ಕೆ ಮದ್ದು ತಾರೀಖು ತೆಗೆಯುವುದು: ‘ಬೇಸಿಗೆಯ ಒಂದನೇ ವಾರ, ಕೆಲಸದ ದಿನ’ ಎಂದಷ್ಟೇ ಇರಲಿ, ವಾರದೊಳಗಿನ ಕೆಲಸದ ದಿನಗಳನ್ನು ಮನೆಮನೆಗೆ ಬೇರೆಬೇರೆಯಾಗಿ ಅದಲು ಬದಲು ಮಾಡಿ. ತಾಪಮಾನದ ಜೊತೆ ಹೋಲಿಸಬೇಕಿದ್ದರೆ ಮೊದಲೇ ಸೇರಿಸಿಕೊಂಡು, 3 ಡಿಗ್ರಿಯ ಪಟ್ಟಿಗಳಾಗಿ ದುಂಡಗೆ ಮಾಡಿ. ನಿಖರ ತಾಪಮಾನವನ್ನು ಹವಾಮಾನ ದಾಖಲೆಯಲ್ಲಿ ಹುಡುಕಿದರೆ ತಾರೀಖು ಮತ್ತೆ ಸಿಗುತ್ತದೆ.

ಮೂರನೆಯದು ಮಗ್ಗ. ರಬಕವಿ-ಬನಹಟ್ಟಿ, ಇಳಕಲ್ಲು, ಬೆಳಗಾವಿಯ ವಡಗಾವಿಯಲ್ಲಿ ಮನೆಯೊಳಗೇ ಪವರ್‌ಲೂಮ್ ಓಡುತ್ತದೆ. ಅದರ ಮೋಟರು ಎಷ್ಟು ತಾಸು ತಿರುಗಿತು ಎಂದರೆ ಆ ವಾರ ಎಷ್ಟು ಸೀರೆ ಇಳಿಯಿತು, ಯಾವಾಗ ನೂಲಿಲ್ಲದೆ ಕೂತರು ಎಂಬ ಲೆಕ್ಕ. ಕೂಲಿ ಮಾತಾಡಲು ಬರುವ ವ್ಯಾಪಾರಿಗೆ ಅದು ಸಿಕ್ಕರೆ ನೇಕಾರರಿಗೇ ಹೊಡೆತ. ಮಗ್ಗಕ್ಕೆ ಬೇರೆ ಮೀಟರ್ ಇದ್ದರೆ ಅದನ್ನು ಮುಟ್ಟಬೇಡಿ. ಒಂದೇ ಮೀಟರಿದ್ದರೆ ಆ ಮನೆಯಿಂದ ದಿನದ ಒಟ್ಟು ಯುನಿಟ್ಟಿಗಿಂತ ಸೂಕ್ಷ್ಮವಾದದ್ದು ಬೇಡ.

ಕಾಯಿಲೆಯೂ ಕಾಣುತ್ತದೆ. ಉಸಿರಾಟದ ತೊಂದರೆ ಇರುವವರಿಗೆ ಆಮ್ಲಜನಕ ಕೊಡುವ ಯಂತ್ರ, ಆಕ್ಸಿಜನ್ ಕಾನ್ಸನ್‌ಟ್ರೇಟರ್, ಹಗಲಿರುಳು ಮುನ್ನೂರು ವ್ಯಾಟ್‌ಗಳ ಆಸುಪಾಸಿನಲ್ಲಿ ಒಂದೇ ಸಮ ಓಡುತ್ತದೆ. ಅಂಥ ಮನೆಯನ್ನು ಅಧ್ಯಯನದಿಂದ ಬಿಡುವುದೇ ಲೇಸು.

ಹಂತ 7: ಪ್ರಕಟಿಸುವ ಮೊದಲು

ವರದಿಯಲ್ಲಿ ಒಂಟಿ ಮನೆಯ ಗೆರೆ ಹಾಕಬೇಡಿ, ‘ಮಾದರಿಗೆ ಒಂದು ಮನೆ’ ಎಂದೂ ಹಾಕಬೇಡಿ. ಅಮೆರಿಕದ ಕೆಲ ರಾಜ್ಯಗಳ 15/15 ನಿಯಮ ಇಲ್ಲಿಗೂ ಒಗ್ಗುತ್ತದೆ: ಗುಂಪಿನಲ್ಲಿ ಕನಿಷ್ಠ 15 ಮನೆ ಇರಬೇಕು, ಯಾವ ಒಂದು ಮನೆಯ ಪಾಲೂ ಮೊತ್ತದ ಶೇ 15 ಮೀರಬಾರದು. ದಿನಕ್ಕೆ 5 ಯುನಿಟ್ ಉರಿಸುವ 19 ಮನೆಗಳ ಜೊತೆ 25 ಯುನಿಟ್ಟಿನ ಒಂದು ಮಗ್ಗದ ಮನೆ ಸೇರಿದರೆ ಮೊತ್ತ 120, ಆ ಮನೆಯ ಪಾಲು ಶೇ 20 ದಾಟುತ್ತದೆ; ಅದನ್ನು ಗುಂಪಿನಿಂದ ತೆಗೆಯಬೇಕು.

ಕಳೆಯುವ ಲೆಕ್ಕದಿಂದ ಆಗುವ ಸೋರಿಕೆ ಬಹಳ ಮಂದಿಗೆ ಹೊಳೆಯುವುದಿಲ್ಲ. ಮೊದಲ ವಾರದ ವರದಿಯಲ್ಲಿ 16 ಮನೆಗಳ ಮೊತ್ತ ಹಾಕಿ, ಒಂದು ಮನೆ ಬಿಟ್ಟುಹೋಯಿತೆಂದು ಅದೇ ವಾರದ 15 ಮನೆಗಳ ಮೊತ್ತವನ್ನು ತಿದ್ದಿ ಹಾಕಿದರೆ, ಕಳೆದಾಗ ಉಳಿಯುವುದು ಬಿಟ್ಟುಹೋದ ಮನೆಯ ಗೆರೆಯೇ. ಒಮ್ಮೆ ಹೊರಬಂದ ಮೊತ್ತವನ್ನು ತಿದ್ದಿ ಮತ್ತೆ ಹೊರಡಿಸಬೇಡಿ. ಎಲ್ಲ ಮನೆಗಳೂ ಮುಗಿದ ಮೇಲೆ ಒಂದೇ ಸಲ ಪ್ರಕಟಿಸಿ.

ಮೊತ್ತಕ್ಕೆ ಯಾದೃಚ್ಛಿಕ ಏರುಪೇರು ಬೆರೆಸುವ ಡಿಫರೆನ್ಷಿಯಲ್ ಪ್ರೈವಸಿ ವಿಧಾನ ಒಳ್ಳೆಯದೇ, ಆದರೆ ಸಣ್ಣ ಗುಂಪಿಗೆ ಕೂರುವುದಿಲ್ಲ. ದಿನಕ್ಕೆ 5 ಯುನಿಟ್ಟಿನ 20 ಮನೆಗಳಿಗೆ ಅರ್ಧ ಗಂಟೆಯ ಮೊತ್ತ ಸರಾಸರಿ 2 ಯುನಿಟ್ ಆಸುಪಾಸು. ಒಂದು ಮನೆಯ ಮಿತಿ ಅರ್ಧ ಗಂಟೆಗೆ 1.5 ಯುನಿಟ್ ಎಂದು ಹಿಡಿದು, ಖಾಸಗಿತನದ ಬಿಗಿಯನ್ನು ಹೇಳುವ ಎಪ್ಸಿಲಾನ್ ಎಂಬ ಅಂಕಿಯನ್ನು 1 ಇಟ್ಟರೆ ಬೆರೆಸಬೇಕಾದ ಏರುಪೇರೇ 1.5 ಯುನಿಟ್ಟಿನ ಅಳತೆಯದು. ಅಂಕಿಗೆ ಅರ್ಥವೇ ಉಳಿಯುವುದಿಲ್ಲ. ಅದರ ಬದಲು ಎರಡು ವಾರದ ಕೆಲಸದ ದಿನಗಳನ್ನೆಲ್ಲ ಕೂಡಿಸಿ ಗುಂಪಿನ ಒಂದೇ ಸರಾಸರಿ ಗೆರೆ ಕೊಡಿ. ಟ್ರಾನ್ಸ್‌ಫಾರ್ಮರ್ ಲೆಕ್ಕಕ್ಕೂ ಸೋಲಾರ್ ಲೆಕ್ಕಕ್ಕೂ ಅದು ಸಾಕು.

ಹಂತ 8: ಹಿಂತಿರುಗಿಸುವುದು, ಅಳಿಸುವುದು

ಪ್ರತಿ ಮನೆಗೆ ಅದರದ್ದೇ ಫಲಿತಾಂಶವನ್ನು ಲಕೋಟೆಯಲ್ಲಿಟ್ಟು ಕೈಗೆ ಕೊಡಿ. ದಿನದ ಗೆರೆ ಬೇಡ, ಹಗಲು-ರಾತ್ರಿಯ ಸರಾಸರಿ ಯುನಿಟ್ ಸಾಕು. ‘ನಿನ್ನೆ ಮಧ್ಯಾಹ್ನ ಯಾರಿದ್ದರು’ ಎಂಬ ಪ್ರಶ್ನೆ ಮನೆಯೊಳಗೂ ಹುಟ್ಟಬಾರದು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ‘ಹೆಚ್ಚು ಉರಿಸಿದವರು, ಕಡಿಮೆ ಉರಿಸಿದವರು’ ಎಂದು ಪಟ್ಟಿ ಹಾಕಲು ಕೇಳುವವರು ಇದ್ದೇ ಇರುತ್ತಾರೆ. ಹಾಕಬೇಡಿ.

ಒಪ್ಪಿಗೆ ಪತ್ರದಲ್ಲಿ ಬರೆದ ತಾರೀಖಿಗೆ ಮೊದಲು ನಂಟಿನ ಪಟ್ಟಿಯನ್ನು ಸುಟ್ಟುಹಾಕಿ, ಆಮೇಲೆ ಅಂಕಿಗಳನ್ನು ಅಳಿಸಿ. ಬೇಗ ಮುಗಿಯುವ ಫಾರ್ಮ್ಯಾಟ್‌ನಿಂದ ಕಾರ್ಡಿನಲ್ಲಿದ್ದದ್ದು ಹೋಗುವುದಿಲ್ಲ. ಇಡೀ ಕಾರ್ಡಿನ ಮೇಲೆ ಹೊಸದಾಗಿ ತುಂಬಿ ಬರೆಯಬೇಕು, ಇಲ್ಲವೇ ಕಾರ್ಡನ್ನೇ ಮುರಿಯಬೇಕು. ಪೆನ್‌ಡ್ರೈವ್, ಇಮೇಲ್, ಕಾಲೇಜಿನ ಲ್ಯಾಬ್ ಕಂಪ್ಯೂಟರ್, ಗೂಗಲ್ ಡ್ರೈವ್‌ನ ಟ್ರ್ಯಾಶ್, ಗೆಳೆಯರ ಲ್ಯಾಪ್‌ಟಾಪ್ ಎಲ್ಲ ಕಡೆ ಹುಡುಕಿ. ಇದಕ್ಕಾಗಿ ಮೊದಲ ದಿನದಿಂದಲೇ ಯಾರಿಗೆ ಯಾವ ಪ್ರತಿ ಕೊಟ್ಟಿರಿ ಎಂಬ ವಹಿ ಇಟ್ಟಿರಬೇಕು.

ನಡುವೆ ಯಾರಾದರೂ ಬೇಡ ಎಂದರೆ ಕಾರಣ ಕೇಳದೆ ಅದೇ ದಿನ ಪೆಟ್ಟಿಗೆ ತೆಗೆದು, ಆ ಸಂಖ್ಯೆಯ ಸಾಲುಗಳನ್ನು ಅಳಿಸಿ, ಅಳಿಸಿದ್ದೇವೆ ಎಂದು ಬರೆದುಕೊಡಿ. ಕಾರ್ಡು ಅಥವಾ ಲ್ಯಾಪ್‌ಟಾಪ್ ಕಳೆದರೆ ಮುಚ್ಚಿಡದೆ ಆ ಮನೆಗಳಿಗೆಲ್ಲ ಅವತ್ತೇ ಹೋಗಿ, ಅದರಲ್ಲಿ ಏನಿತ್ತು, ಏನಿರಲಿಲ್ಲ ಎಂದು ಹೇಳಿ. ನಂಟಿನ ಪಟ್ಟಿಯೂ ಜೊತೆಗೇ ಕಳೆದಿದ್ದರೆ ಅದನ್ನೂ ಹೇಳಿ; ಮನೆ ಖಾಲಿ ಬಿಡುವ ವೇಳೆಯ ಬಗ್ಗೆ ಅವರು ಎಚ್ಚರ ವಹಿಸಬೇಕಾಗುತ್ತದೆ.